ಗಾಳಿಗೆ ಬಿಟ್ಟ ಕಿಂಡಿ

ಮರಿಗಳು ಮೊಟ್ಟೆಯೊಡೆದು ಬರುವಷ್ಟರಲ್ಲಿ ಹಿತ್ತಲಲ್ಲಿ ಒಂದು ಗೂಡು ಎದ್ದಿರಬೇಕೆಂದು ಹೇಂಟೆಗೆ ಆತುರ. ಅಗ್ಗಕ್ಕೆ ಯಾರು ಕಟ್ಟಿಕೊಡುತ್ತಾರೆಂದು ಅದು ಕಂಡವರನ್ನೆಲ್ಲ ಕೇಳುತ್ತಿರುವಾಗ ಮುಂಗುಸಿ ತಾನಾಗಿಯೇ ಬಂದಿತು.

“ನಾಳೆ ಸಂಜೆಯೊಳಗೆ ಕಟ್ಟಿ ಮುಗಿಸುತ್ತೇನೆ. ಕೂಲಿ ಬೇಡ ತಾಯಿ, ಒಂದು ಹೊತ್ತು ಹೊಟ್ಟೆ ತುಂಬಿದರೆ ಸಾಕು,” ಎಂದಿತು.

ಹೇಳಿದಂತೆಯೇ ಗೂಡು ಎದ್ದಿತು. ಬಿದಿರಿನ ಗೋಡೆ, ತೆಂಗಿನ ಗರಿಯ ಸೂರು, ಬಾಗಿಲಿಗೆ ಗಟ್ಟಿ ಅಗುಳಿ. ಹೇಂಟೆ ಒಂದು ಸುತ್ತು ಹಾಕಿ ಹಿಂಬದಿಯಲ್ಲಿ ನಿಂತಿತು.

“ಈ ಕಿಂಡಿ ಯಾತಕ್ಕಪ್ಪ?”

“ಗಾಳಿಗೆ.”

“ನಮ್ಮ ಹಿತ್ತಲಲ್ಲಿ ಗಾಳಿ ಇಷ್ಟು ದಪ್ಪ ಇರುವುದಿಲ್ಲವಲ್ಲ.”

“ಬೇಸಿಗೆ ಬರಲಿ, ಆಗ ನನ್ನನ್ನು ನೆನೆಸಿಕೊಳ್ಳುತ್ತೀರಿ,” ಎಂದ ಮುಂಗುಸಿ ಊಟದ ಮಾತೇ ಎತ್ತದೆ ಹೊರಟುಹೋಯಿತು.

ಊಟ ಕೇಳದ ಕೆಲಸಗಾರನನ್ನು ಹೇಂಟೆ ಎಲ್ಲೂ ಕಂಡಿರಲಿಲ್ಲ. ಅದು ನೇರವಾಗಿ ಜಗಲಿಯ ನಾಯಿಯ ಬಳಿಗೆ ಹೋಯಿತು.

“ಅಣ್ಣಾ, ಇವತ್ತು ನಮ್ಮ ಗೃಹಪ್ರವೇಶ. ಹೊಸ ಮನೆಗೆ ಮೊದಲು ಹಸುವನ್ನು ಹೊಗಿಸುವುದು ಪದ್ಧತಿ. ಆ ಬಾಗಿಲಲ್ಲಿ ಹಸು ಹಿಡಿಸುವುದಿಲ್ಲ, ನೀನೇ ಬರಬೇಕು.”

ಮುಸ್ಸಂಜೆಗೆ ಕಿಂಡಿಯ ಹೊರಗೆ ಸರಸರ ಸದ್ದಾಯಿತು.

“ಯಾರದು?” ಎಂದು ಒಳಗಿನಿಂದ ದಪ್ಪ ದನಿಯೊಂದು ಕೇಳಿತು.

ಮುಂಗುಸಿಗೆ ಬೇರೇನೂ ಹೊಳೆಯಲಿಲ್ಲ. “ಗಾಳಿ,” ಎಂದಿತು.

“ಹಾಗಾದರೆ ಬಾ, ನಿನಗೆಂದೇ ಬಿಟ್ಟ ಕಿಂಡಿ,” ಎಂದಿತು ನಾಯಿ. “ನನ್ನದೂ ಇನ್ನೂ ಊಟವಾಗಿಲ್ಲ.”