ಗಾಣದ ಎತ್ತಿನ ಕಣ್ಣುಪಟ್ಟಿ

“ಗುರುಗಳೇ, ಒಂದು ಮಾತು ನೇರ ಮಾತೋ, ರೂಪಕವೋ ಎಂದು ತಿಳಿಯುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

“ಎತ್ತಿನ ಕಣ್ಣುಪಟ್ಟಿ ಬಿಚ್ರೀ.”

ಒಬ್ಬ ಗಾಣಿಗನಿಗೆ ಅವನ ಹೆಂಡತಿ ಆಡಿದ ಕೊನೆಯ ಮಾತು ಇದು. ಗಾಣದ ಪಕ್ಕ ಕೂತು ಎಳ್ಳು ನೂಕುತ್ತಿದ್ದವಳು ಅಲ್ಲೇ ಕುಸಿದಳು. ಎತ್ತು ಅವಳನ್ನು ತುಳಿದೀತೆಂದು ಅವನು ಅದನ್ನು ಗಾಣದಿಂದ ಕಳಚಿ, ಅಂಗಳದ ಗೂಟಕ್ಕೆ ಕಟ್ಟಿ ಓಡಿ ಬಂದ. ಅವಳ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡ. ಅವಳು ಅಷ್ಟು ಹೇಳಿ ಹೋದಳು.

ಮಣ್ಣು ಮಾಡಿ ಬಂದರು. ಗಾಣಿಗ ಅಳಲಿಲ್ಲ. ಆ ಮಾತು ಮಾತ್ರ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಇಷ್ಟು ವರ್ಷ ಬಾಳಿ ತನಗೊಂದು ಮಾತಿಲ್ಲವೇ? ಪುರಾಣ ಹೇಳುವವರೊಬ್ಬರ ಬಳಿ ಹೋದ.

“ಎತ್ತಿನ ವಿಚಾರ ಹೇಳಿ ಹೋದಳು ಸ್ವಾಮಿ. ನನಗೆ ಏನೂ ಹೇಳಲಿಲ್ಲ.”

“ಅಯ್ಯೋ ಹುಚ್ಚಪ್ಪಾ! ಅದು ರೂಪಕ. ಎತ್ತು ಅಂದರೆ ನೀನೇ. ಗಾಣ ಅಂದರೆ ಸಂಸಾರ. ಪಟ್ಟಿ ಅಂದರೆ ಮಾಯೆ.”

“ಹಾಗಾದರೆ ಎಳ್ಳು ಯಾವುದು ಸ್ವಾಮಿ?”

“ಎಳ್ಳಿನ ವಿಷಯ ಇನ್ನೊಂದು ದಿನ ನೋಡೋಣ.”

ಗಾಣಿಗನಿಗೆ ಸ್ವಲ್ಪ ಸಮಾಧಾನವಾಯಿತು. ಮಾತು ತನಗೇ ಆಡಿದ್ದು. ಜಗಲಿಯಲ್ಲಿ ಕೂತು ಅದನ್ನೇ ತಿರುಗಿಸಿ ತಿರುಗಿಸಿ ನೋಡಿದ. ತಾನು ಎತ್ತು. ಸರಿ. ಪಟ್ಟಿ ಮಾಯೆ. ಸರಿ. ಬಿಚ್ಚುವುದು ಹೇಗೆ? ದಿನಗಳು ಹೋದವು. ಎತ್ತಿಗೆ ನೆರೆಯವರು ಹುಲ್ಲು ಹಾಕಿ ಹೋಗುತ್ತಿದ್ದರು. ಬೇರೆಯವರ ಗಾಣದ ಎತ್ತಿನ ಪಟ್ಟಿ ಮುಟ್ಟುವ ರೂಢಿ ಆ ಊರಿನಲ್ಲಿ ಇರಲಿಲ್ಲ.

ಒಂದು ಸಂಜೆ ಅಂಗಳದಿಂದ ಸದ್ದು ಕೇಳಿ ತಲೆ ಎತ್ತಿದ. ಎತ್ತು ಗೂಟದ ಸುತ್ತ ನಡೆಯುತ್ತಿತ್ತು. ನೊಗವಿಲ್ಲ, ಗಾಣವಿಲ್ಲ. ಆದರೆ ಕಣ್ಣಿಗೆ ಪಟ್ಟಿ ಇದ್ದರೆ ಕೆಲಸ ಮುಗಿದಿಲ್ಲ ಎಂದೇ ಅದರ ಲೆಕ್ಕ. ಗೂಟದ ಸುತ್ತ ನೆಲ ಸವೆದು ಬಳೆಯ ಹಾಗೆ ಗುಳಿ ಬಿದ್ದಿತ್ತು.

ಗಾಣಿಗ ಏಳಲಿಲ್ಲ. ಅವನಿಗೆ ನಾಚಿಕೆಯಾಯಿತು. ಎತ್ತಿನ ಮುಖ ನೋಡುವ ಧೈರ್ಯ ಬರಲಿಲ್ಲ.

ಮರುದಿನ ಬೆಳಗ್ಗೆ ಎದ್ದು ಪಟ್ಟಿಯ ಗಂಟು ಬಿಚ್ಚಿದ. ಎತ್ತು ನಿಂತಿತು. ಬೆಳಕಿಗೆ ಕಣ್ಣು ಪಿಳುಕಿಸಿತು. ಆಮೇಲೆ ಅವಳು ಕೂರುತ್ತಿದ್ದ ಜಾಗದ ಕಡೆ ನೋಡಿತು. ಗಾಣಿಗನೂ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಅವನು ಎತ್ತಿನ ಕೊರಳು ತಬ್ಬಿ ಅತ್ತ.

ಶಿಷ್ಯ, “ಹಾಗಾದರೆ ಆ ಮಾತು ಕೊನೆಗೆ ಯಾವುದು ಗುರುಗಳೇ? ನೇರವೋ, ರೂಪಕವೋ?” ಎಂದ.

ಗುರು ಹೇಳಿದರು: “ಗಂಟು ಬಿಚ್ಚಿದವನು ಅದನ್ನು ಕೇಳಲಿಲ್ಲ.”