ಹುಟ್ಟಿದ್ದು ನೂರ ತೊಂಬತ್ತು

"ಗುರುಗಳೇ, ನಮ್ಮ ಸೌರಫಲಕದ ಪದರದಲ್ಲಿ ಬೆಳಕಿನ ಒಂದು ಕಣಕ್ಕೆ ಶಕ್ತಿಯ ಎರಡು ಪಾಲು ಹುಟ್ಟುತ್ತಿವೆ. ಇನ್ನು ಜನರ ಕೈಗೆ ಕೊಡಬಹುದಲ್ಲವೇ?" ಎಂದು ಶಿಷ್ಯ ಇಂದುಧರ ಕೇಳಿದ.

ಗುರುಗಳು ಅವನು ಚಾಚಿದ ಹಾಳೆಯನ್ನು ನೋಡಲೂ ಇಲ್ಲ. "ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆ ಊರೇ ನಗುತ್ತದೆ. ಹುಟ್ಟಿತೆಂದು ಕುಣಿಯುವವನನ್ನು ಕಂಡು ಯಾರೂ ನಗುವುದಿಲ್ಲ, ಅದೇ ಕಷ್ಟ ಕಣಯ್ಯ. ಕೂತುಕೋ" ಎಂದು ಒಂದು ಕಥೆ ಹೇಳತೊಡಗಿದರು.

ಒಬ್ಬ ವಿದ್ವಾಂಸನಿದ್ದ. ಇಂಗಾಲದ ಬಣ್ಣವೊಂದನ್ನು ಗಾಜಿನ ಮೇಲೆ ತೆಳ್ಳಗೆ ಹಾಸುತ್ತಿದ್ದ. ಬಿಸಿಲಿನ ಒಂದು ಕಣ ಬಿದ್ದರೆ ಅದರ ಶಕ್ತಿ ಒಳಗೆ ಒಡೆದು ಎರಡು ಪಾಲಾಗುತ್ತಿತ್ತು. ಎರಡೂ ತಂತಿಗೆ ತಲುಪಿದರೆ ಒಂದಕ್ಕೆರಡು ವಿದ್ಯುತ್ತು. ತಲುಪದಿದ್ದರೆ ಹುಟ್ಟಿದ ಜಾಗದಲ್ಲೇ ಎರಡೂ ಆರಿಹೋಗುತ್ತವೆ. ಹುಟ್ಟಿದ್ದನ್ನು ಪದರದೊಳಗೇ ಎಣಿಸುವುದು ಆ ಕಸುಬಿನವರ ರೂಢಿ. ಅವನೂ ಎಣಿಸಿದ. ನೂರು ಕಣಕ್ಕೆ ನೂರ ತೊಂಬತ್ತು! ಅಬ್ಬಬ್ಬಾ, ಅವನ ಹಿಗ್ಗನ್ನು ಏನು ಕೇಳುತ್ತೀ! ತಂತಿಯ ತುದಿಗೆ ಎಷ್ಟು ಬಂತೆಂದು ನೋಡುವ ತಾಳ್ಮೆ ಅವನಿಗಿರಲಿಲ್ಲ.

ಗುಡ್ಡದ ಮೇಲೆ ಒಬ್ಬ ದಾದಿ ಹೆರಿಗೆಮನೆ ನಡೆಸುತ್ತಿದ್ದಳು. ಬಾಣಂತಿಯ ರಕ್ತ ನಿಲ್ಲಿಸುವ ಮದ್ದನ್ನು ತಣ್ಣಗಿಡಲು ಅಲ್ಲೊಂದು ಪೆಟ್ಟಿಗೆಯಿತ್ತು. ಹಳೆಯ ಸೌರಫಲಕದಿಂದ ಅದು ಹೇಗೋ ನಡೆಯುತ್ತಿತ್ತು. ವಿದ್ವಾಂಸ ಆ ಫಲಕವನ್ನು ಇಳಿಸಿ ತನ್ನ ಬಣ್ಣ ಹಾಸಿದ ಫಲಕವನ್ನು ಏರಿಸಿದ. ಪೆಟ್ಟಿಗೆ ತಣ್ಣಗಾಗುತ್ತಿಲ್ಲವೆಂದು ಆ ಬೇಸಗೆಯಲ್ಲಿ ದಾದಿ ಮೂರು ಕಾಗದ ಬರೆದಳು. ನನ್ನ ಎಣಿಕೆ ಸರಿಯಿದೆ, ನಿಮ್ಮ ಪೆಟ್ಟಿಗೆಯೇ ಕೆಟ್ಟಿರಬೇಕು ಎಂದು ಮೂರಕ್ಕೂ ಅವನು ಉತ್ತರ ಬರೆದ.

ಬೇಸಗೆ ಮುಗಿಯುವಷ್ಟರಲ್ಲಿ ಮದ್ದು ಸತ್ವ ಕಳೆದುಕೊಂಡಿತ್ತು. ಒಬ್ಬ ಬಡಗಿಯ ಹೆಂಡತಿಗೆ ಹೆರಿಗೆಯಾಯಿತು. ದಾದಿ ಮದ್ದು ಚುಚ್ಚಿದಳು, ಮತ್ತೆ ಚುಚ್ಚಿದಳು. ರಕ್ತ ನಿಲ್ಲಲಿಲ್ಲ. ತಾಯಿ ಹೋದಳು. ಎದೆಹಾಲಿಲ್ಲದೆ ಮೂರನೆಯ ದಿನ ಕೂಸೂ ಹೋಯಿತು.

ಸುದ್ದಿ ತಿಳಿದ ವಿದ್ವಾಂಸ ಅಳೆಯುವ ಯಂತ್ರ ಹೊತ್ತು ಓಡಿಬಂದ. ಫಲಕಕ್ಕೆ ಹಿಡಿದು ನೋಡಿದ. "ಅಮ್ಮಾ, ಈಗಲೂ ನೂರ ತೊಂಬತ್ತು ಹುಟ್ಟುತ್ತಿವೆ!" ಎಂದ.

"ಹುಟ್ಟಿದ್ದನ್ನು ನಾನೂ ಎಣಿಸಿದೆ ಸ್ವಾಮಿ. ಉಳಿದದ್ದು ಎಷ್ಟು, ಅದನ್ನು ಹೇಳಿ" ಎಂದಳು ದಾದಿ.

ಆಗ ಅವನು ಮೊದಲ ಸಲ ತಂತಿಯ ತುದಿಯನ್ನು ಅಳೆದ. ಇದೆಯೋ ಇಲ್ಲವೋ ಎನ್ನುವಷ್ಟಿತ್ತು. ಅಲ್ಲೇ ಕುಸಿದು ಕೂತು ಗೋಳೋ ಎಂದು ಅತ್ತ. ಬಾಗಿಲಲ್ಲಿ ನಿಂತಿದ್ದ ಬಡಗಿ ಅವನನ್ನು ಬಯ್ಯಲೂ ಇಲ್ಲ, ಎಬ್ಬಿಸಲೂ ಇಲ್ಲ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಇಂದುಧರ ತನ್ನ ಹಾಳೆಯನ್ನು ಹತ್ತಿರ ಎಳೆದುಕೊಂಡ. "ಅವನ ಎಣಿಕೆ ಎಲ್ಲಿ ತಪ್ಪಿತು ಗುರುಗಳೇ? ಹೇಳಿ, ನಾನಾದರೂ ತಿದ್ದಿಕೊಳ್ಳುತ್ತೇನೆ" ಎಂದ.

"ತಪ್ಪಿದ್ದರೆ ಅವನೂ ತಿದ್ದಿಕೊಳ್ಳುತ್ತಿದ್ದನಲ್ಲಯ್ಯ, ಎಣಿಕೆ ಸರಿಯಾಗಿಯೇ ಇತ್ತು."