ಹಲಗೆಯ ಮೊದಲ ಸಾಲು

“ಅಜ್ಜಾರ, ಮನಸ್ಸಿನ್ಯಾಗಿನ ಸಣ್ಣ ಸಣ್ಣ ವಿಚಾರ ಹೊರಗ ಹಾಕೂದು ಹ್ಯಾಂಗ್ರಿ?” ಎಂದು ಕಲ್ಲಿನಾಥ ಕೇಳಿದ.

ಕಲ್ಲಿನಾಥ ಸಂಸಾರಸ್ಥ. ಊರಿನಲ್ಲಿ ಹೆಂಡತಿ ಇದ್ದಳು, ಆರು ವರ್ಷದ ಮಗಳಿದ್ದಳು. ಮನಸ್ಸನ್ನು ಹದಕ್ಕೆ ತಂದುಕೊಳ್ಳಲೇಬೇಕೆಂದು ಹಟ ತೊಟ್ಟು ಅಜ್ಜನ ಮಠಕ್ಕೆ ಬಂದು ಇಪ್ಪತ್ತು ದಿನವಾಗಿತ್ತು. ಮನಸ್ಸು ಹದಕ್ಕೆ ಬಂದಿರಲಿಲ್ಲ. ಕೂತು ಕೂತು ಕಾಲು ಮಾತ್ರ ಜೋಮು ಹಿಡಿಯುತ್ತಿತ್ತು.

“ಎಂಥಾ ವಿಚಾರ?” ಅವರೆಕಾಯಿ ಸುಲಿಯುತ್ತಿದ್ದ ಅಜ್ಜ ತಲೆ ಎತ್ತದೆ ಕೇಳಿದರು.

“ಹೇಳಾಕ ನಾಚಿಕಿ ಬರ್ತೈತ್ರಿ. ಕಣ್ಣು ಮುಚ್ಚಿದ್ರ ಸಾಕು, ಮಗಳ ಮುಂದಿನ ಹಲ್ಲು ನೆನಪಾಗ್ತೈತಿ. ನಾ ಇಲ್ಲಿಗೆ ಬರೂ ಮುಂದ ಅದು ಅಳ್ಳಾಡಾಕತ್ತಿತ್ತು. ಅದನ್ನ ಬಿಟ್ರ ನಾ ಹಚ್ಚಿದ ಮಲ್ಲಿಗಿ ಬಳ್ಳಿ, ನೀರು ಹಾಕ್ತಾರೋ ಇಲ್ಲೋ ಅಂತ. ಅದನ್ನೂ ಬಿಟ್ರ ಪಂಚಾಯ್ತಿ ಇಲೆಕ್ಷನ್ ಏನಾತು ಅಂತ ಚಿಂತಿ. ದೊಡ್ಡ ವಿಚಾರಕ್ಕ ಒಳಗ ಜಾಗಾನ ಇಲ್ಲ ನೋಡ್ರಿ.”

ಅಜ್ಜ ನಕ್ಕರು. ತಮ್ಮ ಮುಂದಿದ್ದ ಕಾಯಿಯಲ್ಲಿ ಅರ್ಧವನ್ನು ಶಿಷ್ಯನ ಮುಂದೆ ಸುರಿದು, “ಕೈ ಖಾಲಿ ಇಡಬ್ಯಾಡ, ಸುಲ್ಕೋಂತ ಕೇಳು” ಎಂದರು. ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಕೈಗುಣ ಒಳ್ಳೆಯದು, ಮಾತು ಮಾತ್ರ ಎಲ್ಲ ದರ್ಜಿಗಳದೇ. ನಾಳೆ ಕೊಡುತ್ತೇನೆ ಎಂದರೆ ಬರುವ ವಾರ ಎಂದು ಊರವರೇ ಅರ್ಥ ಮಾಡಿಕೊಂಡು ಸುಮ್ಮನಾಗುತ್ತಿದ್ದರು. ಅವನ ಅಂಗಡಿಯ ಬಾಗಿಲ ಪಕ್ಕದಲ್ಲಿ ಕಪ್ಪು ಬಣ್ಣ ಬಳಿದ ಒಂದು ಹಲಗೆ ಇತ್ತು. ಬೆಳಿಗ್ಗೆ ಅಂಗಡಿ ತೆಗೆದವನು ಮೊದಲು ಆ ಹಲಗೆ ಒರೆಸುತ್ತಿದ್ದ. ಬಟ್ಟೆಯ ಮೇಲೆ ಗುರುತು ಹಾಕುವ ಸೀಮೆಸುಣ್ಣದಿಂದಲೇ ಅದರ ಮೇಲೆ ಮೂರು ಸಾಲು ಬರೆಯುತ್ತಿದ್ದ. ಮೊದಲನೆಯ ಸಾಲು ಮನೆಯದು. ಎರಡನೆಯದು ಅವನ ಹಾರ್ಮೋನಿಯಂನದು. ಮೂರನೆಯದು ಊರಿನದು, ಇಲ್ಲವೆ ಪತ್ರಿಕೆಯಲ್ಲಿ ಓದಿದ ದೇಶದ್ದು.

ಹಾರ್ಮೋನಿಯಂ ಅವನ ಹುಚ್ಚು. ಆರು ವರ್ಷದಿಂದ ಒಂದೇ ಭಜನೆಯನ್ನು ಕಲಿಯುತ್ತಿದ್ದ. ಹೊಲಿಗೆ ಯಂತ್ರದ ಮೇಲೆ ಕಾಲು ಅವನ ಮಾತು ಕೇಳುತ್ತಿತ್ತು. ಹಾರ್ಮೋನಿಯಂ ಮೇಲೆ ಕೈ ಕೇಳುತ್ತಿರಲಿಲ್ಲ. ಎರಡನೆಯ ಸಾಲಿನವರೆಗೆ ಹೇಗೋ ಬರುತ್ತಿದ್ದ, ಮೂರನೆಯದಕ್ಕೆ ಬಂದಕೂಡಲೇ ಬೆರಳು ದಾರಿ ತಪ್ಪುತ್ತಿದ್ದವು.

ಒಂದು ದಿನ ಹಲಗೆಯ ಮೇಲೆ ಹೀಗಿತ್ತು: “ಸಕ್ಕು ಹಾಗಲಕಾಯಿ ಪಲ್ಯ ತಿಂದಳು, ಅಳಲಿಲ್ಲ. ಭಜನೆಯ ಮೂರನೆಯ ಸಾಲು ಇಂದೂ ಕೈಕೊಟ್ಟಿತು. ಕೆರೆ ಕಡೆಯ ನಲ್ಲಿಗೆ ಎರಡು ದಿನ ನೀರಿಲ್ಲ, ಕೊಡ ತುಂಬಿಟ್ಟುಕೊಳ್ಳಿ.”

ಸಕ್ಕು ಎಂದರೆ ಸಕ್ಕೂಬಾಯಿ. ದರ್ಜಿಯ ಒಬ್ಬಳೇ ಮಗಳು, ಎಂಟು ವರ್ಷದವಳು.

ಸಂತೆಗೆ ಹೋಗುವವರು ಹಲಗೆಯ ಮುಂದೆ ನಿಂತು, ಓದಿ, ನಕ್ಕು ಮುಂದೆ ಹೋಗುತ್ತಿದ್ದರು. ಓದು ಬಾರದವರು ಇನ್ನೊಬ್ಬರಿಂದ ಓದಿಸಿಕೊಳ್ಳುತ್ತಿದ್ದರು. “ಮೂರನೇ ಸಾಲು ಬಂತೇನೋ?” ಎಂದು ಗಾಡಿಯ ಮೇಲಿಂದಲೇ ಕೂಗಿ ಕೇಳುವವರಿದ್ದರು. ಹೆಂಡತಿಗೆ ಮಾತ್ರ ಸಿಟ್ಟು. ನಮ್ಮ ಮನೆಯ ಅನ್ನ ತಳ ಹಿಡಿದದ್ದು ಇಡೀ ಊರಿಗೆ ಯಾಕೆ ಗೊತ್ತಾಗಬೇಕು ಎಂದು ಜಗಳ ತೆಗೆಯುತ್ತಿದ್ದಳು. ಹೋಳಿಗೆ ಚೆನ್ನಾಗಿ ಬಂದ ಮರುದಿನ ಅದು ಹಲಗೆಯ ಮೇಲೆ ಕಾಣದಿದ್ದರೆ ಜಗಳ ಇನ್ನೂ ಜೋರಾಗುತ್ತಿತ್ತು.

ವರ್ಷಕ್ಕೆ ಎರಡು ಮೂರು ಸಲ ಮೊದಲ ಸಾಲಿನಲ್ಲಿ ಒಂದು ದೊಡ್ಡ ಸುದ್ದಿ ಬರುತ್ತಿತ್ತು: “ಸಕ್ಕುವಿನ ಪರಕಾರದ ಮಡಿಕೆ ಒಂದು ಬೆರಳು ಬಿಚ್ಚಿದೆ.” ಪರಕಾರ ಎಂದರೆ ಹುಡುಗಿಯರ ಲಂಗ. ಅದನ್ನು ಹೊಲಿಯುವಾಗ ದರ್ಜಿಗಳು ಕೆಳಗಿನ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆಯನ್ನು ಒಳಕ್ಕೆ ಮಡಿಸಿ ಬಿಟ್ಟಿರುತ್ತಾರೆ. ಮಗು ಬೆಳೆದಂತೆ ಮಡಿಕೆ ಬಿಚ್ಚಿ ಉದ್ದ ಮಾಡುತ್ತಾರೆ. ಆ ಸಾಲು ಬರೆದ ದಿನ ದರ್ಜಿ ಅಂಗಡಿಗೆ ಬಂದವರಿಗೆಲ್ಲ ಬೆಲ್ಲ ಹಂಚುತ್ತಿದ್ದ. ಸಕ್ಕು ಶಾಲೆಗೆ ಹೋಗುವಾಗ ಹಲಗೆ ಓದದೆ ಹೋದವಳಲ್ಲ. ಅವಳು ಓದಲು ಕಲಿತದ್ದೇ ಅದರ ಮೇಲೆ, ಮೊದಲು ಓದಿದ್ದು ತನ್ನ ಹೆಸರು.

ಯುಗಾದಿ ಮುಗಿದ ಮೇಲೆ ಆ ಊರಿಗೆ ಒಬ್ಬ ಪಂಡಿತ ಬಂದ. ಊರೂರು ತಿರುಗಿ ಭಾಷಣ ಮಾಡುವವನು. ಕೋಟು ಹೊಲಿಸಬೇಕಾಗಿತ್ತು. ದೀಪಾವಳಿಗೆ ಮತ್ತೆ ಬರುತ್ತೇನೆ, ಆಗ ಕೊಟ್ಟರೆ ಸಾಕು ಎಂದು ಅಳತೆ ಕೊಟ್ಟ. ಹೋಗುವಾಗ ಬಾಗಿಲಲ್ಲಿ ನಿಂತು ಹಲಗೆ ಓದಿದ.

“ಇಷ್ಟು ದೊಡ್ಡ ಹಲಗೆಯ ಮೇಲೆ ಇಷ್ಟು ಸಣ್ಣ ಮಾತೇ?” ಎಂದ. “ಜಗತ್ತಿನಲ್ಲಿ ರಾಜ್ಯಗಳು ಉರುಳುತ್ತಿವೆ, ನೀನು ಹಾಗಲಕಾಯಿ ಬರೆಯುತ್ತ ಕೂತಿದ್ದೀಯಲ್ಲ.”

ದರ್ಜಿಗೆ ಮುಖ ಎತ್ತಲಾಗಲಿಲ್ಲ. ಆ ಹಲಗೆಯೆಂದರೆ ಅವನಿಗೆ ಬಹಳ ಪ್ರೀತಿ. ಪ್ರೀತಿ ಇದ್ದ ಕಡೆ ನಾಚಿಕೆಯೂ ಬೇಗ ಆಗುತ್ತದೆ. ಅವನು ಒದ್ದೆ ಬಟ್ಟೆ ತಂದು ಮೂರು ಸಾಲನ್ನೂ ಆಗಲೇ ಒರೆಸಿಬಿಟ್ಟ.

ಮರುದಿನದಿಂದ ಹಲಗೆಯ ತುಂಬ ದೊಡ್ಡ ಸುದ್ದಿ. ಒಂದು ಪತ್ರಿಕೆ ತರಿಸುತ್ತಿದ್ದವನು ಮೂರು ತರಿಸಿದ. ಒಪ್ಪಂದ, ಅಣೆಕಟ್ಟು, ಕಾಯಿದೆ, ಕದನ ಎಲ್ಲವೂ ಸಣ್ಣ ಅಕ್ಷರದಲ್ಲಿ ಅಂಚಿನಿಂದ ಅಂಚಿಗೆ. ಅಷ್ಟನ್ನೂ ಓದಿ ಬರೆಯುವಷ್ಟರಲ್ಲಿ ಹಾರ್ಮೋನಿಯಂನ ಹೊತ್ತು ಮುಗಿದಿರುತ್ತಿತ್ತು. ಅದರ ಪೆಟ್ಟಿಗೆಯ ಮೇಲೆ ಹಳೆಯ ಪತ್ರಿಕೆಗಳ ರಾಶಿ ಬೆಳೆಯಿತು.

ಊರವರು ಮೊದಮೊದಲು ಗೌರವದಿಂದ ನೋಡಿದರು. ದರ್ಜಿ ದೊಡ್ಡ ಮನುಷ್ಯನಾದ ಎಂದರು. ಆದರೆ ದೊಡ್ಡ ಮನುಷ್ಯನ ಹಲಗೆಯ ಮುಂದೆ ಎಷ್ಟು ಹೊತ್ತು ನಿಲ್ಲುವುದು? ತಲೆಯಾಡಿಸಿ ಸಂತೆಗೆ ಹೋದರು. ಗಾಡಿಯ ಮೇಲಿಂದ ಯಾರೂ ಕೂಗಲಿಲ್ಲ. ಊಟಕ್ಕೆ ಕೂತರೂ ದರ್ಜಿಗೆ ದೂರದೇಶದ್ದೇ ಚಿಂತೆ. “ಸಾರಿಗೆ ಉಪ್ಪು ಸಾಕೇನು?” ಎಂದು ಹೆಂಡತಿ ಕೇಳಿದರೆ, “ಮಾತುಕತಿ ಮುರದು ಬಿತ್ತು” ಎನ್ನುತ್ತಿದ್ದ.

“ಅದು ನಮ್ಮನ್ಯಾಗೂ ಬಿದ್ದೈತಿ” ಎಂದು ಅವಳು ಇನ್ನೊಂದು ಸೌಟು ಸುರಿದು ಎದ್ದು ಹೋಗುತ್ತಿದ್ದಳು.

ಸಕ್ಕು ಮೊದಲ ದಿನ ಅಪ್ಪ ಮರೆತಿರಬೇಕು ಅಂದುಕೊಂಡಳು. ವಾರವಾದ ಮೇಲೆ, ಬರೆಯುವಂಥದ್ದನ್ನು ತಾನೇ ಏನೂ ಮಾಡಿಲ್ಲ ಅಂದುಕೊಂಡಳು. ಅಪ್ಪ ನೋಡುವಂತೆ ಹಾಗಲಕಾಯಿ ಪಲ್ಯವನ್ನು ಎರಡು ಸಲ ಹಾಕಿಸಿಕೊಂಡು ತಿಂದಳು. ಮರುದಿನ ಹಲಗೆಯ ಮೇಲೆ ಅಣೆಕಟ್ಟು ಇತ್ತು. ಹದಿನಾರರ ಮಗ್ಗಿ ಕಲಿತು, ಅಪ್ಪನಿಗೆ ಕೇಳಿಸಲೆಂದು ಅವ್ವನ ಮುಂದೆ ಜೋರಾಗಿ ಒಪ್ಪಿಸಿದಳು. ಹಲಗೆಯ ಮೇಲೆ ಹೊಸ ಕಾಯಿದೆ ಬಂತು. ಕೊನೆಗೆ ಅಂಗಡಿಯ ಎದುರಿನ ಬೇವಿನ ಮರ ಹತ್ತಿ, ಕಾಲು ಇಳಿಬಿಟ್ಟು ಸಂಜೆಯವರೆಗೆ ಕೂತಳು. ಹೋಗುವವರು ಬರುವವರು “ಬಿದ್ದೀಯವ್ವಾ, ಇಳಿ” ಎಂದರು. ಅವಳು ಬೀಳಲಿಲ್ಲ. ಮರುದಿನ ಹಲಗೆಯ ಮೇಲೆ ಬಿದ್ದದ್ದು ಒಂದು ಮಂತ್ರಿಮಂಡಲ.

ಆಮೇಲೆ ಅವಳು ಏನನ್ನೂ ಮಾಡಲಿಲ್ಲ. ಹಲಗೆ ಓದುವುದನ್ನು ಮಾತ್ರ ಬಿಡಲಿಲ್ಲ.

ದೀಪಾವಳಿಗೆ ಇನ್ನು ನಾಲ್ಕೇ ದಿನ ಎನ್ನುವಾಗ ಪಂಡಿತ ಬರುವ ದಿನ ಬಂತು. ಏಳು ತಿಂಗಳ ಅವಧಿ ಸಿಕ್ಕಿದ್ದರೂ ದರ್ಜಿ ಪಂಡಿತನ ಕೋಟಿಗೆ ಗುಂಡಿ ಹಚ್ಚಿದ್ದು ಅವನು ಬರುವ ಹಿಂದಿನ ದಿನ. ಮರುದಿನ ಬೆಳಿಗ್ಗೆ ಹಲಗೆ ಒರೆಸಿ, ದೂರದ ಒಂದು ಯುದ್ಧ ನಿಂತ ಸುದ್ದಿಯನ್ನು ಬರೆಯಲು ಸೀಮೆಸುಣ್ಣ ಎತ್ತಿದ. ಆ ಯುದ್ಧದ ಬಗ್ಗೆ ವಾರಗಟ್ಟಲೆ ಬರೆದಿದ್ದ, ಅದರ ಗಡಿಗಳೆಲ್ಲ ಅವನಿಗೆ ಬಾಯಿಪಾಠ. ಹಿಂದೆ ಯಾರೋ ನಿಂತಂತಾಯಿತು. ಪಾಟಿಚೀಲ ಹೆಗಲಿಗೇರಿಸಿಕೊಂಡು ಸಕ್ಕು ನಿಂತಿದ್ದಳು. ಅಳುತ್ತಿರಲಿಲ್ಲ, ಸಿಟ್ಟಾಗಿಯೂ ಇರಲಿಲ್ಲ. ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಳ್ಳುವವರ ಹಾಗೆ ಕೇಳಿದಳು.

“ಅಪ್ಪಾ, ನಾ ಇನ್ನೂ ಎಷ್ಟು ದೊಡ್ಡಾಕಿ ಆದ್ರ ಹಲಗಿ ಮ್ಯಾಲ ಬರ್ತೀನಿ?”

ದರ್ಜಿ ತಿರುಗಿ ನೋಡಿದ. ಯಾರನ್ನಾದರೂ ಬೀದಿಯ ಆಚೆಯಿಂದ ನೋಡಿ, ಟೇಪು ಹಿಡಿಯದೆ ಅಳತೆ ಹೇಳುವ ಕಣ್ಣು ಅವನದು. ಆ ಕಣ್ಣು ಮಗಳ ಕಾಲಿನ ಮೇಲೆ ಬಿತ್ತು. ಗೆಜ್ಜೆ ಮುಚ್ಚುತ್ತಿದ್ದ ಪರಕಾರ ಈಗ ಗೆಜ್ಜೆಗಿಂತ ಎರಡು ಬೆರಳು ಮೇಲೆ ನಿಂತಿತ್ತು.

ಯಾವಾಗ ಬೆಳೆದಳು? ಅವನಿಗೆ ಗೊತ್ತಿರಲಿಲ್ಲ. ಊರಿನ ಅರ್ಧ ಜನರ ಮೈಯಳತೆ ಬಾಯಲ್ಲಿ ಹೇಳುವವನಿಗೆ ಇದು ಗೊತ್ತಿರಲಿಲ್ಲ. ದಿನಾ ಬೆಳಿಗ್ಗೆ ಇದೇ ಹಲಗೆಯ ಮುಂದೆ ಅವಳು ನಿಂತು ಹೋಗಿದ್ದಳು, ಅವನು ನೋಡಿರಲಿಲ್ಲ.

ಅವಳನ್ನು ಎತ್ತಿ ಅಂಗಡಿಯ ಕಟ್ಟೆಯ ಮೇಲೆ ನಿಲ್ಲಿಸಿದ. ತಾನು ಕೆಳಗೆ ಕೂತು, ಕತ್ತರಿಯ ತುದಿಯಿಂದ ಮಡಿಕೆಯ ಹೊಲಿಗೆ ಬಿಚ್ಚಿದ. ಹೊರಗಿನ ಬಟ್ಟೆ ಬಿಸಿಲಿಗೂ ಒಗೆತಕ್ಕೂ ಮಾಸಿತ್ತು. ಒಳಗಿನಿಂದ ಇಳಿದ ಎರಡು ಬೆರಳು ಮಾತ್ರ ಹೊಸದರ ಹಾಗೆ ಕೆಂಪಗಿತ್ತು. ಸೂಜಿ ಹಿಡಿದು ಸುತ್ತಲೂ ಕೈಹೊಲಿಗೆ ಹಾಕತೊಡಗಿದ. ಸಕ್ಕು ಕಚಗುಳಿಯಾಗಿ ಕಿಲಕಿಲ ನಕ್ಕಳು.

“ನಗಬ್ಯಾಡವ್ವಾ, ಸೂಜಿ ಚುಚ್ಚೀತು” ಎಂದ. ಹಾಗೆಂದವನು ತಾನೇ ನಗುತ್ತಿದ್ದ, ನಗುತ್ತ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ.

ಆಮೇಲೆ ಎದ್ದು, ಪತ್ರಿಕೆಗಳ ರಾಶಿ ಸರಿಸಿ ಹಾರ್ಮೋನಿಯಂ ಪೆಟ್ಟಿಗೆ ತೆರೆದು ನೋಡಿ ಬಂದು, ಹಲಗೆಯ ಮೇಲೆ ಮೂರು ಸಾಲು ಬರೆದ.

“ಸಕ್ಕು ಎರಡು ಬೆರಳು ಬೆಳೆದಿದ್ದಾಳೆ. ಅಪ್ಪನಿಗೆ ಇಂದು ತಿಳಿಯಿತು.

ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಇಲಿ ಮರಿ ಹಾಕಿದೆ. ಮೂರನೆಯ ಸಾಲು ಅದಕ್ಕೆ ಬಂದರೂ ಬರಬಹುದು.

ದೂರದ ದೇಶದಲ್ಲಿ ಯುದ್ಧ ನಿಂತಿತು. ಅಲ್ಲಿಯ ಅಪ್ಪಂದಿರು ಮನೆಗೆ ಹೊರಟಿದ್ದಾರೆ.”

ಸಕ್ಕು ಮೊದಲ ಸಾಲನ್ನು ಮೂರು ಸಲ ಓದಿದಳು. ಆ ದಿನ ಅವಳು ಶಾಲೆಗೆ ತಡವಾಗಿ ಹೋದಳು, ದಾರಿಯುದ್ದಕ್ಕೂ ಪರಕಾರದ ಕೆಂಪು ಅಂಚನ್ನು ನೋಡಿಕೊಳ್ಳುತ್ತ ಹೋದಳು. ಹೊತ್ತೇರುವಷ್ಟರಲ್ಲಿ ಹಲಗೆಯ ಮುಂದೆ ಜನ ಕೂಡಿದರು. ನಗು ಸಂತೆಯವರೆಗೆ ಕೇಳಿಸಿತು. ಗಾಡಿಯವನೊಬ್ಬ ಎತ್ತು ನಿಲ್ಲಿಸಿ ಇಲಿಯ ಕ್ಷೇಮಸಮಾಚಾರ ಕೇಳಿದ. ದರ್ಜಿ ಡಬ್ಬಿ ತೆರೆದು ಎಲ್ಲರಿಗೂ ಬೆಲ್ಲ ಕೊಟ್ಟ, ಎರಡು ಬೆರಳಿಗೆ ಎರಡೆರಡು ಉಂಡೆ. ಹೆಂಡತಿ ಹೊರಗೆ ಬಂದು, ಓದಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಬರಿಯೂದು ಬರದೀ, ನಿನ್ನಿ ಕರ್ಚೀಕಾಯಿನೂ ಬರಿಯಲ್ಲಾ” ಎಂದಳು.

ಕರ್ಚೀಕಾಯಿ ಹೇಗಿತ್ತೆಂದು ದರ್ಜಿಗೆ ನೆನಪಿರಲಿಲ್ಲ. ತಿನ್ನುವಾಗ ಅವನು ಯಾವುದೋ ಗಡಿಯಲ್ಲಿದ್ದ. ಹಾಗೆಂದು ಹೇಳುವ ಧೈರ್ಯವಾಗದೆ, ಒಳಗೆ ಹೋಗಿ ಇನ್ನೊಂದು ತಿಂದು ಬಂದು ಬರೆದ.

ಮಧ್ಯಾಹ್ನ ಪಂಡಿತ ಬಂದ. ಹಲಗೆಯ ಮೊದಲ ಸಾಲು ಓದಿ ಹುಬ್ಬು ಗಂಟು ಹಾಕಿದ. ಎರಡನೆಯದನ್ನು ಓದಿ ತುಟಿ ಬಿಗಿಹಿಡಿದ. ಮೂರನೆಯದಕ್ಕೆ ಬಂದು ನಿಂತ. ಅಂದು ಸಂಜೆ ಅವನ ಭಾಷಣ ಇದ್ದದ್ದು ಅದೇ ಯುದ್ಧದ ಮೇಲೆ. ಹನ್ನೆರಡು ಪುಟ ಬರೆದು ಜೇಬಿನಲ್ಲಿಟ್ಟುಕೊಂಡಿದ್ದ. ಅದರಲ್ಲಿ ರಾಜರಿದ್ದರು, ಸೇನಾಪತಿಗಳಿದ್ದರು, ಗಡಿಗಳಿದ್ದವು. ಮನೆಗೆ ಹೊರಟವರು ಇರಲಿಲ್ಲ. ಅವನು ಆ ಸಾಲನ್ನು ಇನ್ನೊಮ್ಮೆ ಓದಿ, ಒಳಗೆ ಬಂದು ಕೋಟು ತೊಟ್ಟು ನೋಡಿದ. ಸರಿಯಾಗಿ ಕೂತಿತ್ತು.

“ಒಳಗ ಒಂದು ಬೆರಳು ಬಟ್ಟಿ ಬಿಟ್ಟೇನ್ರಿ” ಎಂದ ದರ್ಜಿ.

“ಅರವತ್ತಾಯಿತು. ನಾನು ಇನ್ನೂ ಬೆಳೆಯುತ್ತೇನೆಯೇ?”

“ಇರಲಿ ಬಿಡ್ರಿ. ಹೇಳಾಕ ಬರಂಗಿಲ್ಲ.”

ಪಂಡಿತ ಗಟ್ಟಿಯಾಗಿ ನಕ್ಕ. ಹೊರಗೆ ಬಂದವನು ಸಂತೆಗೆ ಹೋಗುವವರ ನಡುವೆ ನಿಂತು, ಅವರ ಹಾಗೆಯೇ ಬೆಲ್ಲ ಚೀಪುತ್ತ, ಮೊದಲ ಸಾಲಿನಿಂದ ಮತ್ತೆ ಓದತೊಡಗಿದ.

ಅಜ್ಜ ಕತೆ ನಿಲ್ಲಿಸಿದರು. ಅವರ ಬುಟ್ಟಿ ತುಂಬಿತ್ತು. ಕಲ್ಲಿನಾಥನ ಮುಂದೆ ಸುರಿದ ಕಾಯಿ ಸುರಿದಂತೆಯೇ ಇತ್ತು. ಕತೆ ಕೇಳುತ್ತ ಅವನು ಒಂದನ್ನೂ ಸುಲಿದಿರಲಿಲ್ಲ. ಅವನ ಮುಖದ ಮೇಲೆ ಇಪ್ಪತ್ತು ದಿನದಿಂದ ಕಾಣದಿದ್ದ ನಗು ಇತ್ತು.

“ಅಜ್ಜಾರ, ಆ ಭಜನಿಯ ಮೂರನೇ ಸಾಲು ಕಡೀಕರ ಬಂತೇನ್ರಿ?” ಎಂದು ಕೇಳಿದ.

ಅಜ್ಜ ಬುಟ್ಟಿಯನ್ನು ಪಕ್ಕಕ್ಕಿಟ್ಟು ಅವನ ಮುಖ ನೋಡಿದರು.

“ಅದಿರಲಿ ಕಲ್ಲಿನಾಥ, ನಿನ್ನ ಮಗಳ ಹಲ್ಲು ಬಿತ್ತೇನು?”